ಆಕ್ಸಿಮೀಟರ್‌ನಲ್ಲಿ 97 ಇದ್ದರೂ ಅಪ್ಪನಿಗೆ ಏದುಸಿರು ಯಾಕೆ?

ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ ರೇಷ್ಮೆ ಬಿಚ್ಚಾಣಿಕೆ (ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ) ಮಾಡಿದ ಅಪ್ಪನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಆದರೆ ಆಕ್ಸಿಮೀಟರ್ 97 ತೋರಿಸುತ್ತದೆ, ಹಾಗಾದರೆ ಶ್ವಾಸಕೋಶ ಚೆನ್ನಾಗಿದೆ ಅಲ್ವಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಾನು ಚಿಕ್ಕಬಳ್ಳಾಪುರದಲ್ಲಿ ಉಸಿರಿನ ಪರೀಕ್ಷೆ ಮಾಡುವ ಟೆಕ್ನಿಷಿಯನ್. 97 ಇದೆ ಅಂತ ವರ್ಷಗಟ್ಟಲೆ ತಡ ಮಾಡಿ ಬಂದವರನ್ನು ನೋಡಿ ಸಂಕಟಪಟ್ಟಿದ್ದೇನೆ.

ಆ ಮೀಟರ್ ಬೆರಳಿನೊಳಗೆ ಬೆಳಕು ಹಾಯಿಸಿ, ರಕ್ತದ ಹಿಮೋಗ್ಲೋಬಿನ್ ಎಷ್ಟು ಆಕ್ಸಿಜನ್ ಹೊತ್ತಿದೆ ಅಂತ ಅಂದಾಜು ಮಾಡುತ್ತದೆ, ಅಷ್ಟೇ. ಉಸಿರಿನ ಕೊಳವೆ ಕಿರಿದಾಗಿದ್ದರೂ ದೇಹ ಜಾಸ್ತಿ ಕಷ್ಟಪಟ್ಟು ಉಸಿರಾಡಿ ಆ ಅಂಕಿಯನ್ನು ಉಳಿಸಿಕೊಳ್ಳುತ್ತದೆ. ಆ ಕಷ್ಟ ಪರದೆ ಮೇಲೆ ಕಾಣುವುದಿಲ್ಲ.

ಬಿಚ್ಚಾಣಿಕೆ ಮನೆಯವರಿಗೆ ಇನ್ನೊಂದು ಮಾತು. ಸೌದೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಅಂಟಿಕೊಂಡರೆ, ಮಾಮೂಲಿ ಆಕ್ಸಿಮೀಟರ್ ಅದನ್ನೂ ಆಕ್ಸಿಜನ್ ಅಂತಲೇ ಎಣಿಸಿಬಿಡುತ್ತದೆ. ಹೊಗೆಯಲ್ಲಿ ತಲೆನೋವು, ತಲೆಸುತ್ತು ಬಂದರೆ 98 ಇದೆ ಅಂತ ಸುಮ್ನೆ ಕೂರಬೇಡಿ. ಮೊದಲು ಹೊರಗೆ ಬನ್ನಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ.

ಅಪ್ಪನಿಗೆ ಬೇಕಿರುವುದು ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರು ಎಳೆಸಿ, ಕೊಳವೆಯಲ್ಲಿ ಒಂದೇ ಸಲಕ್ಕೆ ಜೋರಾಗಿ ಊದಿಸಿ, ಆರು ಸೆಕೆಂಡಾದರೂ ಬಿಡದೆ ಊದಿಸುತ್ತೇವೆ. ಹೆಚ್ಚಿನವರು ಮೊದಲ ಸಲ ಬಿಸಿ ಕಾಫಿ ಆರಿಸುವ ಹಾಗೆ ಮೆಲ್ಲಗೆ ಊದುತ್ತಾರೆ, ಆಗ ನಾನು ಪಕ್ಕದಲ್ಲಿ ನಿಂತು "ಊದಿ, ಊದಿ, ಇನ್ನೂ ಊದಿ" ಅಂತ ಕೂಗಲೇಬೇಕು, ಯಾಕೆಂದರೆ ಅರ್ಧಂಬರ್ಧ ಊದಿದ ರಿಪೋರ್ಟ್‌ನಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮೂರು ಸಲವಾದರೂ ಸರಿಯಾಗಿ ಊದಬೇಕು. ಆಮೇಲೆ ಇನ್‌ಹೇಲರ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತೇವೆ. ಮೊದಲ ಸೆಕೆಂಡಿನಲ್ಲಿ ಬಂದ ಗಾಳಿ, ಒಟ್ಟು ಊದಿದ್ದರಲ್ಲಿ 70 ಪರ್ಸೆಂಟ್‌ಗಿಂತ ಕಡಿಮೆಯೇ ಉಳಿದರೆ ಉಸಿರಿನ ಕೊಳವೆ ಕಟ್ಟಿದೆ ಅಂತ ಅನುಮಾನ. ಇನ್‌ಹೇಲರ್ ನಂತರ ಚೆನ್ನಾಗಿ ಸುಧಾರಿಸಿದರೆ ಆಸ್ತಮಾ ಕಡೆ ಯೋಚಿಸುತ್ತಾರೆ.

ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು ನೋಡುವ ಎಬಿಜಿ ಎಲ್ಲರಿಗೂ ಬೇಡ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೆಯಾ ಅಂತ ಅನುಮಾನ ಬಂದಾಗ ಬರೆಯುತ್ತಾರೆ, ಅದು ಆಕ್ಸಿಮೀಟರ್‌ಗೆ ಗೊತ್ತೇ ಆಗುವುದಿಲ್ಲ.

ಅಪಾಯಿಂಟ್‌ಮೆಂಟ್ ಸಿಗುವವರೆಗೆ, ಕೂತಲ್ಲಿ ಆರಾಮಾಗಿದ್ದರೆ ಮಾತ್ರ, ಅಪ್ಪನಿಗೆ ಆಕ್ಸಿಮೀಟರ್ ಹಾಕಿ ಆರು ನಿಮಿಷ ನಡೆಸಿ ನೋಡಿ. ಬೆರಳು ಬೆಚ್ಚಗಿರಲಿ. ಅಂಕಿ ನಾಲ್ಕು ಇಳಿದರೆ, ಅಥವಾ 90ರ ಕೆಳಗೆ ಹೋದರೆ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ರಕ್ತ ಕಡಿಮೆ ಇದ್ದರೂ, ಹೃದಯದ ತೊಂದರೆಯಿದ್ದರೂ ಏದುಸಿರು ಬರುತ್ತದೆ, ಅದನ್ನೂ ನೋಡಿಸಿ. ಕೆಲಸ ಏನು ಅಂತ ಡಾಕ್ಟರ್ ಕೇಳಿದರೆ ಬರೀ ಕೂಲಿ ಅನ್ನಬೇಡಿ. ಗೂಡು ಬೇಯಿಸುವ ಆವಿ, ಹುಳದ ವಾಸನೆ, ಸೌದೆ ಹೊಗೆ, ಎಷ್ಟು ವರ್ಷ, ಎಲ್ಲಾ ಬಿಡಿಸಿ ಹೇಳಿ.