ಮೂರು ಅಂಕಗಳ ಋತು: ಒಂದು ಲೇಖನದ ಬಗ್ಗೆ ಅದರ ಲೇಖಕರಿಗೆ

ಪ್ರಿಯ ಲೇಖಕರಿಗೆ,

ವಂದನೆಗಳು. 2020ರ ಎಫ್‌ಐಎ ಫಾರ್ಮುಲಾ 3 ಚಾಂಪಿಯನ್‌ಷಿಪ್ ಕುರಿತು ನೀವು ಕಳುಹಿಸಿದ ‘ವೇಗದ ಮಕ್ಕಳು’ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ತಿದ್ದಿ ಬರೆದುಕೊಟ್ಟರೆ ಪ್ರಕಟಿಸಬೇಕೆಂಬ ಆಸೆ ನನಗೆ ನಿಜವಾಗಿಯೂ ಇದೆ. ಆದ್ದರಿಂದಲೇ ವಾಡಿಕೆಯ ಎರಡು ಸಾಲಿನ ವಿಷಾದಪತ್ರವನ್ನು ಬಿಟ್ಟು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಫಾರ್ಮುಲಾ 1ರ ಕೆಳಗಿನ ಮೆಟ್ಟಿಲುಗಳಲ್ಲಿ, ಇನ್ನೂ ಇಪ್ಪತ್ತು ದಾಟದ ಹುಡುಗರ ನಡುವೆ ನಡೆಯುವ ಪೈಪೋಟಿಯನ್ನು ಕನ್ನಡದಲ್ಲಿ ಇಷ್ಟು ಆಸ್ಥೆಯಿಂದ ಬರೆಯುವವರು ಬಹಳ ವಿರಳ.

ಮೊದಲು ದೊಡ್ಡ ದೋಷವನ್ನೇ ಹೇಳುತ್ತೇನೆ. ಮುಂದೆ ಫಾರ್ಮುಲಾ 1ರಲ್ಲಿ ಮೆಕ್‌ಲಾರೆನ್ ತಂಡಕ್ಕಾಗಿ ಗ್ರ್ಯಾನ್‌ಪ್ರಿ ಗೆಲ್ಲಲಿರುವ ಆಸ್ಕರ್ ಪಿಯಾಸ್ಟ್ರಿ ಅವರ ಹಣೆಯಲ್ಲಿ ಈ ಪ್ರಶಸ್ತಿ ಮೊದಲೇ ಬರೆದಿತ್ತು ಎಂಬ ವಾಕ್ಯದಿಂದ ನಿಮ್ಮ ಲೇಖನ ಆರಂಭವಾಗುತ್ತದೆ. ಆ ಒಂದು ವಾಕ್ಯ ಮುಂದಿನ ಹದಿನೆಂಟು ಓಟಗಳ ಕುತೂಹಲವನ್ನೆಲ್ಲ ಕೊಂದುಹಾಕಿದೆ. ಅದು ಸಾಲದೆಂಬಂತೆ, ಅದು ಸತ್ಯವೂ ಅಲ್ಲ. ಪಿಯಾಸ್ಟ್ರಿ ಆ ಋತುವಿನಲ್ಲಿ ಒಂದೇ ಒಂದು ಪೋಲ್ ಪೊಸಿಷನ್ (ಎಲ್ಲರಿಗಿಂತ ವೇಗದ ಸುತ್ತಿನಿಂದ ಸಿಗುವ ಮೊದಲ ಆರಂಭಸ್ಥಾನ) ಗಳಿಸಲಿಲ್ಲ. ಗೆದ್ದ ಓಟಗಳು ಎರಡೇ: ಜುಲೈನಲ್ಲಿ ಆಸ್ಟ್ರಿಯಾದ ರೆಡ್‌ಬುಲ್ ರಿಂಗ್‌ನಲ್ಲಿ ನಡೆದ ಮೊದಲ ಓಟ ಮತ್ತು ಆಗಸ್ಟ್‌ನಲ್ಲಿ ಬಾರ್ಸಿಲೋನಾದ ಎರಡನೆಯ ಓಟ. ಅವರ ಕಾರಿನ ಹಿಂರೆಕ್ಕೆಯನ್ನು ತೆರೆದು ವೇಗ ಹೆಚ್ಚಿಸುವ ಡಿಆರ್‌ಎಸ್ ವ್ಯವಸ್ಥೆ ಒಂದಕ್ಕಿಂತ ಹೆಚ್ಚು ಬಾರಿ ಕೈಕೊಟ್ಟಿತು. ಇಂತಹ ಚಾಲಕ 164 ಅಂಕಗಳೊಂದಿಗೆ ಪ್ರಶಸ್ತಿ ಪಡೆದರು. ಫ್ರಾನ್ಸಿನ ಥಿಯೊ ಪೂರ್ಷೇರ್ ಅವರಿಗೆ 161, ಅಮೆರಿಕದ ಲೋಗನ್ ಸಾರ್ಜೆಂಟ್ ಅವರಿಗೆ 160 ಅಂಕಗಳು ಬಂದವು. ಮೂವರ ನಡುವೆ ನಾಲ್ಕೇ ಅಂಕಗಳ ಅಂತರವಿರುವ ಋತುವನ್ನು ಮೊದಲೇ ತೀರ್ಮಾನವಾಗಿದ್ದ ಕಥೆಯೆಂದು ಹೇಳಿದರೆ, ಆ ಮೂವರಿಗೂ ಅನ್ಯಾಯವಾಗುತ್ತದೆ. ಇಂದು ನಮಗೆ ಗೊತ್ತಿರುವುದು ಅಂದು ಯಾರಿಗೂ ಗೊತ್ತಿರಲಿಲ್ಲ. ಲೇಖನ ನಿಂತು ಮಾತನಾಡಬೇಕಾದದ್ದು ಆ ಅಂದಿನ ನೆಲದ ಮೇಲೆಯೇ.

ಎರಡನೆಯ ಮಾತು, ನೀವು ಎಲ್ಲ ಓಟಗಳಿಗೂ ಸಮಪಾಲು ಹಂಚಿರುವುದರ ಬಗ್ಗೆ. ಹದಿನೆಂಟು ಓಟಗಳಿಗೆ ಹದಿನೆಂಟು ಪ್ಯಾರಾಗಳಿದ್ದು, ಪ್ರತಿಯೊಂದರಲ್ಲೂ ಗೆದ್ದವರು, ಎರಡನೆಯವರು, ಮೂರನೆಯವರು ಎಂಬ ಅದೇ ಕ್ರಮವಿದೆ. ಫಲಿತಾಂಶದ ಪಟ್ಟಿಯನ್ನು ಓದುಗರು ಎಲ್ಲಿ ಬೇಕಾದರೂ ನೋಡಿಕೊಳ್ಳಬಲ್ಲರು. ಯಾವ ವಾರಾಂತ್ಯ ಋತುವಿನ ದಿಕ್ಕನ್ನು ಬದಲಿಸಿತು, ಯಾವುದು ಬದಲಿಸಲಿಲ್ಲ ಎಂಬ ನಿಮ್ಮ ತೀರ್ಪಿಗಾಗಿ ಅವರು ನಿಮ್ಮನ್ನು ಓದುತ್ತಾರೆ.

ನನ್ನ ತೀರ್ಪು ಕೇಳಿದರೆ, ಲೇಖನದ ಅರ್ಧದಷ್ಟು ಜಾಗವನ್ನು ಇಟಲಿಯ ಮುಜೆಲ್ಲೊ ಸರ್ಕ್ಯೂಟ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ನಡೆದ ಕೊನೆಯ ವಾರಾಂತ್ಯದ ಎರಡು ಓಟಗಳಿಗೆ ಕೊಡಿ ಎನ್ನುತ್ತೇನೆ. ನೀವು ಅದನ್ನು ಏಳು ಸಾಲುಗಳಲ್ಲಿ ಮುಗಿಸಿ, ‘ವಿಧಿಯಾಟ’ ಎಂದು ಕರೆದಿದ್ದೀರಿ. ಅಲ್ಲಿ ಕೆಲಸ ಮಾಡಿದ್ದು ವಿಧಿಯಲ್ಲ, ನಿಯಮ. ಅಲ್ಲಿಗೆ ಬರುವಾಗ ಪಿಯಾಸ್ಟ್ರಿ ಬಳಿ 160, ಸಾರ್ಜೆಂಟ್ ಬಳಿ 152, ಪೂರ್ಷೇರ್ ಬಳಿ 136 ಅಂಕಗಳಿದ್ದವು. ಆ ವರ್ಷದ ಪದ್ಧತಿಯಂತೆ ಮೊದಲ ಓಟದ ಮೊದಲ ಹತ್ತು ಸ್ಥಾನಗಳನ್ನು ತಿರುಗಿಸಿ ಎರಡನೆಯ ಓಟದ ಸಾಲನ್ನು ಜೋಡಿಸುತ್ತಿದ್ದರು. ಅಂದರೆ ಹತ್ತನೆಯವರು ಮರುದಿನ ಎಲ್ಲರಿಗಿಂತ ಮುಂದೆ ನಿಂತು ಹೊರಡುತ್ತಿದ್ದರು. ಮೊದಲ ಓಟದಲ್ಲಿ ಪೂರ್ಷೇರ್ ಮೂರನೆಯವರಾಗಿ 15 ಅಂಕ ಗಳಿಸಿದರು. ಸಾರ್ಜೆಂಟ್ ಆರನೆಯವರಾಗಿ 8 ಅಂಕ ಗಳಿಸಿ ಪಿಯಾಸ್ಟ್ರಿ ಅವರನ್ನು ಸರಿಗಟ್ಟಿದರು. ಪಿಯಾಸ್ಟ್ರಿ ಹನ್ನೊಂದನೆಯವರಾದರು. ಇನ್ನೊಂದೇ ಒಂದು ಸ್ಥಾನ ಮೇಲೇರಿದ್ದರೆ ಅವರಿಗೆ ಒಂದು ಅಂಕದ ಮುನ್ನಡೆಯ ಜೊತೆಗೆ, ಮರುದಿನದ ನಿರ್ಣಾಯಕ ಓಟದಲ್ಲಿ ಅಗ್ರಸ್ಥಾನದಿಂದ ಹೊರಡುವ ಅವಕಾಶವೂ ಸಿಗುತ್ತಿತ್ತು. ಅದರ ಬದಲಿಗೆ ಅವರು ಹನ್ನೊಂದರಿಂದಲೇ ಹೊರಡಬೇಕಾಯಿತು. ಅಂಕಗಳಲ್ಲಿ ಸಮನಾಗಿದ್ದ ಸಾರ್ಜೆಂಟ್ ಐದರಲ್ಲಿದ್ದರು, ಪೂರ್ಷೇರ್ ಎಂಟರಲ್ಲಿದ್ದರು. ನಿಮ್ಮ ಲೇಖನದಲ್ಲಿ ಈ ನಿಯಮದ ಪ್ರಸ್ತಾಪವೇ ಇಲ್ಲ. ಅದಿಲ್ಲದೆ ಆ ರಾತ್ರಿ ಪಿಯಾಸ್ಟ್ರಿ, ಸಾರ್ಜೆಂಟ್ ಇಬ್ಬರೂ ಇದ್ದ ಪ್ರೆಮಾ ತಂಡದವರ ಮನಸ್ಸು ಹೇಗಿದ್ದೀತೆಂದು ಊಹಿಸಲು ಓದುಗರಿಗೆ ದಾರಿಯೇ ಇಲ್ಲ.

ಮರುದಿನ ಮೊದಲ ಸುತ್ತಿನಲ್ಲೇ ಲಿರಿಮ್ ಜೆಂಡೆಲಿ ಅವರ ಕಾರಿಗೂ ಸಾರ್ಜೆಂಟ್ ಅವರ ಕಾರಿಗೂ ಡಿಕ್ಕಿಯಾಗಿ, ಸಾರ್ಜೆಂಟ್ ಅವರ ಹೋರಾಟ ಮುಗಿಯಿತು. ಇಲ್ಲಿ ನೀವು ಪಿಯಾಸ್ಟ್ರಿ ಗೆದ್ದಾಯಿತೆಂಬಂತೆ ಬರೆದಿದ್ದೀರಿ. ಲೆಕ್ಕ ಹಾಗೆ ಹೇಳುವುದಿಲ್ಲ. ಹೊರಟ ಹನ್ನೊಂದನೆಯ ಸ್ಥಾನದಲ್ಲೇ ಮುಗಿಸಿದ್ದರೆ ಪಿಯಾಸ್ಟ್ರಿ 160ರಲ್ಲೇ ನಿಲ್ಲುತ್ತಿದ್ದರು, ಎರಡನೆಯ ಓಟಕ್ಕೆ ಅಂಕಗಳು ಕಡಿಮೆಯಾದ್ದರಿಂದ ಮೂರನೆಯವರಾಗಿ 10 ಅಂಕ ಗಳಿಸಿದ ಪೂರ್ಷೇರ್ 161ರೊಂದಿಗೆ ಪ್ರಶಸ್ತಿ ಒಯ್ಯುತ್ತಿದ್ದರು. ಪಿಯಾಸ್ಟ್ರಿ ಒಂದೊಂದೇ ಕಾರನ್ನು ದಾಟಿ ಏಳನೆಯ ಸ್ಥಾನಕ್ಕೆ ಬಂದು ಗಳಿಸಿದ ಆ ನಾಲ್ಕು ಅಂಕಗಳೇ ಇಡೀ ಋತುವಿನ ಬೆಲೆ. ಇತ್ತ ಪೂರ್ಷೇರ್ ಆ ಓಟವನ್ನು ಗೆದ್ದಿದ್ದರೆ 166 ಅಂಕಗಳಾಗಿ ಅವರೇ ಚಾಂಪಿಯನ್ ಆಗುತ್ತಿದ್ದರು. ಗೆದ್ದವರು ಲಿಯಾಮ್ ಲಾಸನ್. ಈ ಲೆಕ್ಕವನ್ನು ಓಟ ನಡೆಯುತ್ತಿರುವಾಗಲೇ ಓದುಗರ ಮುಂದೆ ಬಿಡಿಸಿಟ್ಟರೆ, ‘ರೋಮಾಂಚಕ’, ‘ಮೈನವಿರೇಳಿಸುವ’ ಎಂಬ ಪದಗಳಲ್ಲಿ ಒಂದೂ ನಿಮಗೆ ಬೇಕಾಗುವುದಿಲ್ಲ.

ಸಾರ್ಜೆಂಟ್ ಮತ್ತು ಪಿಯಾಸ್ಟ್ರಿ ಒಂದೇ ತಂಡದವರೆಂಬುದನ್ನು ನೀವು ಒಮ್ಮೆ ಮಾತ್ರ, ಅದೂ ಆವರಣದೊಳಗೆ, ಹೇಳಿದ್ದೀರಿ. ಫಾರ್ಮುಲಾ 3ರಲ್ಲಿ ಎಲ್ಲರಿಗೂ ಡಲ್ಲಾರಾ ಸಂಸ್ಥೆಯ ಅದೇ ಚಾಸಿ, ಮೆಕಾಕ್ರೋಮ್ ಸಂಸ್ಥೆಯ ಅದೇ 3.4 ಲೀಟರ್ ವಿ6 ಎಂಜಿನ್, ಪಿರೆಲ್ಲಿಯ ಅದೇ ಟೈರು. ಅದರ ಮೇಲೆ ಒಂದೇ ತಂಡದಲ್ಲಿರುವ ಇಬ್ಬರಿಗೆ ಎಂಜಿನಿಯರುಗಳ ಮಾಹಿತಿಯೂ ಒಂದೇ. ಸೋತವರು ಹೇಳಿಕೊಳ್ಳಬಹುದಾದ ಎಲ್ಲ ನೆಪಗಳೂ ಅಲ್ಲಿ ಮುಗಿದುಹೋಗುತ್ತವೆ. ಪ್ರಶಸ್ತಿಗಾಗಿ ಪರಸ್ಪರ ಕಾದಾಡುವ ಇಬ್ಬರು ಹತ್ತೊಂಬತ್ತರ ಹುಡುಗರು ಒಂದೇ ಗ್ಯಾರೇಜಿನಲ್ಲಿ ಬೇಸಿಗೆಯನ್ನೆಲ್ಲ ಕಳೆದರೆಂಬುದು ನಿಮ್ಮ ಕೈಯಲ್ಲಿರುವ ಅತ್ಯಂತ ಶ್ರೀಮಂತ ವಸ್ತು. ಅದನ್ನು ದಯವಿಟ್ಟು ಆವರಣದಿಂದ ಹೊರಗೆ ತನ್ನಿ. ಹಾಗೆಯೇ ಜುಲೈನಲ್ಲಿ ಆಸ್ಟ್ರಿಯಾ ಮತ್ತು ಹಂಗೇರಿಗಳಲ್ಲಿ ಗೆದ್ದಾಗ ಪೂರ್ಷೇರ್ ಅವರಿಗೆ ಇನ್ನೂ ಹದಿನಾರು ವರ್ಷವೆಂಬುದನ್ನೂ ಮರೆಯಬೇಡಿ.

ಸಾರ್ಜೆಂಟ್ ಅವರ ಹೆಲ್ಮೆಟ್ಟಿನೊಳಗಿನ ಮಾತುಗಳೆಂದು ನೀವು ಬರೆದ ಪ್ಯಾರಾ ಮಾತ್ರ ಪೂರ್ತಿ ಹೋಗಲೇಬೇಕು. ‘ಅಪ್ಪ, ನನ್ನನ್ನು ಕ್ಷಮಿಸು’ ಎಂದು ಅವರು ಅಂದುಕೊಂಡರೆಂಬುದಕ್ಕೆ ನಿಮ್ಮಲ್ಲಿ ಆಧಾರವಿಲ್ಲ. ಬದುಕಿರುವ ವ್ಯಕ್ತಿಯ ಬಾಯಲ್ಲಿ, ಅವರು ಬಹುಶಃ ಅತ್ಯಂತ ನೊಂದ ದಿನದಂದು, ಆಡದ ಮಾತನ್ನು ತುಂಬುವ ಹಕ್ಕು ವರದಿಗಾರರಿಗಿಲ್ಲ. ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ.

ಕರ್ನಾಟಕದ ಓದುಗರಿಗೆ ಹತ್ತಿರವಾಗಲೆಂದು ನೀವು ಬೆಂಗಳೂರಿನ ಕುಶ್ ಮೈನಿ ಅವರ ಬಗ್ಗೆ ಬರೆದಿರುವ ಭಾಗವನ್ನೂ ತೆಗೆಯಬೇಕಾಗುತ್ತದೆ. 2020ರಲ್ಲಿ ಅವರಿದ್ದದ್ದು ಈ ಚಾಂಪಿಯನ್‌ಷಿಪ್‌ನಲ್ಲಲ್ಲ. ಬ್ರಿಟಿಷ್ ಫಾರ್ಮುಲಾ 3 ಎಂಬ ಬೇರೆಯೇ ಸ್ಪರ್ಧೆಯಲ್ಲಿ ಅವರು ಎರಡನೆಯ ಸ್ಥಾನ ಪಡೆದರು, ಎಫ್‌ಐಎ ಫಾರ್ಮುಲಾ 3ಕ್ಕೆ ಬಂದದ್ದು 2022ರಲ್ಲಿ. ನಮ್ಮೂರಿನ ಹುಡುಗನ ಆ ವರ್ಷದ ಕಥೆ ಸ್ವತಂತ್ರ ಲೇಖನಕ್ಕೆ ತಕ್ಕದ್ದು, ನೀವೇ ಬರೆದರೆ ಸಂತೋಷ. ಭಾರತದ ನಿಜವಾದ ನಂಟು ಇಲ್ಲಿ ಬೇರೆ ಇದೆ, ನೀವು ಅದನ್ನು ಗಮನಿಸಿಲ್ಲ. 2019ರಲ್ಲಿ ಪ್ರೆಮಾ ತಂಡದ ಮೂವರು ಚಾಲಕರೇ ಮೊದಲ ಮೂರು ಸ್ಥಾನಗಳನ್ನು ಗಳಿಸಿದ್ದರು, ಮೂರನೆಯವರು ಮುಂಬೈನ ಜೆಹಾನ್ ದಾರುವಾಲಾ. ಆ ಮೂವರು ಬಿಟ್ಟುಹೋದ ಸೀಟುಗಳಲ್ಲೇ ಮರುವರ್ಷ ಪಿಯಾಸ್ಟ್ರಿ, ಸಾರ್ಜೆಂಟ್ ಮತ್ತು ಫ್ರೆಡರಿಕ್ ವೆಸ್ಟಿ ಕುಳಿತರು. ಅವರ ಮೇಲೆ ಎಂತಹ ನಿರೀಕ್ಷೆಯಿತ್ತೆಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬದಲಿಸಲೇಬಾರದ ಭಾಗವೆಂದರೆ ಓಟದ ಆರಂಭಸ್ಥಾನಗಳನ್ನು ನಿರ್ಧರಿಸುವ ಕ್ವಾಲಿಫೈಯಿಂಗ್ ಕುರಿತ ನಿಮ್ಮ ಎರಡು ಪ್ಯಾರಾಗಳು. ಮೂವತ್ತು ಕಾರುಗಳು, ಅರ್ಧ ಗಂಟೆಯ ಸಮಯ, ಬಸ್ಸಿನ ಬೆನ್ನಿಗೆ ಸೈಕಲ್ ಹಿಡಿದವನಂತೆ ಮುಂದಿನ ಕಾರಿನ ಮರೆಯಲ್ಲಿ ಗಾಳಿಯ ತಡೆಯನ್ನು ತಪ್ಪಿಸಿಕೊಳ್ಳಲು ಪ್ರತಿಯೊಬ್ಬರ ಹವಣಿಕೆ, ಅದಕ್ಕಾಗಿ ಯಾರೂ ಮುಂದೆ ಹೋಗಲೊಪ್ಪದೆ ಎಲ್ಲರೂ ನಿಧಾನಿಸುವ ವಿಚಿತ್ರ: ಇದನ್ನು ಕಾರಿನ ಓಟವನ್ನೇ ನೋಡದವರಿಗೂ ಅರ್ಥವಾಗುವಂತೆ ನೀವು ಬರೆದಿದ್ದೀರಿ. 2019ರಲ್ಲಿ ಇಟಲಿಯ ಮೊಂಜಾ ಸರ್ಕ್ಯೂಟ್‌ನಲ್ಲಿ ಈ ಹವಣಿಕೆ ಅತಿರೇಕಕ್ಕೆ ಹೋಗಿ, ನಿಲ್ಲಿಸಿದ ಕ್ವಾಲಿಫೈಯಿಂಗನ್ನು ಮತ್ತೆ ಆರಂಭಿಸಲೇ ಇಲ್ಲ, ಅನೇಕರಿಗೆ ದಂಡವೂ ಬಿತ್ತು. ಆ ಸಂಗತಿಯನ್ನು ಅಲ್ಲಿ ಸೇರಿಸಿಕೊಳ್ಳಿ. ಲೇಖನದ ಉಳಿದ ಭಾಗವೂ ಇದೇ ಶಾಂತ, ಖಚಿತ ಧಾಟಿಯಲ್ಲಿರಲಿ.

ಪರಿಷ್ಕೃತ ಲೇಖನ ಎರಡು ಸಾವಿರ ಪದಗಳನ್ನು ಮೀರದಿರಲಿ. ಅಂಕಪಟ್ಟಿಯನ್ನು ನಾವು ಪ್ರತ್ಯೇಕ ಚೌಕಟ್ಟಿನಲ್ಲಿ ಹಾಕುತ್ತೇವೆ, ನೀವು ಅದನ್ನು ಬರಹದೊಳಗೆ ತುಂಬಬೇಕಾಗಿಲ್ಲ. ಅಂಕಿಗಳನ್ನೂ ಚಾಲಕರ ಹೆಸರಿನ ಉಚ್ಚಾರಣೆಯನ್ನೂ ಮತ್ತೊಮ್ಮೆ ಪರಿಶೀಲಿಸಿ, ಮುಂದಿನ ತಿಂಗಳ ಕೊನೆಯೊಳಗೆ ನೇರವಾಗಿ ನನ್ನ ಹೆಸರಿಗೇ ಕಳುಹಿಸಿಕೊಡಿ.

ಇಂತಿ ನಿಮ್ಮ,
ಸಂಪಾದಕ