ನಾಮಿನಿಯಾದ ಮಾತ್ರಕ್ಕೆ ವಾರಸುದಾರನಲ್ಲ

ಪ್ರಶ್ನೆ: ನಾನು ಹಾಸನದಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಿವೃತ್ತಿಯಾದಾಗ ಬಂದ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿದೆ, ನಾಮಿನಿ ಮಗ. ಠೇವಣಿ ಮುರಿದು ಬೆಂಗಳೂರಿನ ಫ್ಲ್ಯಾಟಿಗೆ ಕೊಡಿ, ನೀವು ಕಟ್ಟಿಸಿದ ಮನೆಯನ್ನೂ ದಾನಪತ್ರ ಮಾಡಿಕೊಡಿ, ಹೇಗೂ ಎಲ್ಲ ನನಗೇ ಬರುವುದಲ್ಲವೇ ಎನ್ನುತ್ತಿದ್ದಾನೆ. ಅರಸೀಕೆರೆಗೆ ಕೊಟ್ಟ ಮಗಳು ಏನನ್ನೂ ಕೇಳಿಲ್ಲ. ಹೆಂಡತಿಗೆ ಬ್ಯಾಂಕಿನ ವ್ಯವಹಾರ ತಿಳಿಯದು. ಠೇವಣಿ ರಸೀದಿಗಳನ್ನು ಮಾತ್ರ ರೇಷ್ಮೆ ಸೀರೆಯ ಮಡಿಕೆಯಲ್ಲಿ ಜೋಪಾನವಾಗಿಟ್ಟಿದ್ದಾಳೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ತಿದ್ದಬೇಕಾದದ್ದು ಮಗನ ತಿಳಿವಳಿಕೆಯನ್ನು. ನಿಮ್ಮ ಕಾಲಾನಂತರ ಬ್ಯಾಂಕಿನಿಂದ ಹಣ ಪಡೆದು ಹಕ್ಕುಳ್ಳವರಿಗೆ ತಲುಪಿಸಬೇಕಾದವನೇ ನಾಮಿನಿ. ಆ ಹಣಕ್ಕೆ ಅವನು ಒಡೆಯನಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಬ್ಯಾಂಕ್ ಠೇವಣಿಯ ಪ್ರಕರಣದಲ್ಲೇ ಹೇಳಿದೆ. ನೀವು ಉಯಿಲು ಬರೆಯದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳಿಗೆ ಸಮಪಾಲು. ನಿಮ್ಮ ತಾಯಿಯವರು ಇದ್ದರೆ ಅವರಿಗೂ.

ದಾನಪತ್ರಕ್ಕೆ ದಯವಿಟ್ಟು ಈಗ ಸಹಿ ಹಾಕಬೇಡಿ. ಒಮ್ಮೆ ನೋಂದಣಿಯಾದರೆ ಮನಸ್ಸು ಬದಲಾಯಿತೆಂದು ಅದನ್ನು ಹಿಂಪಡೆಯಲಾಗದು. ಮಕ್ಕಳು ನೋಡಿಕೊಳ್ಳದಿದ್ದರೆ ಪತ್ರವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ ನಿಜ, ಆದರೆ ಆರೈಕೆಯ ಷರತ್ತಿನ ಮೇಲೆಯೇ ಕೊಟ್ಟದ್ದೆಂದು ತೋರಿಸಬೇಕಾಗುತ್ತದೆ. ನಿಮ್ಮ ಮನೆಯವರು ಇಳಿವಯಸ್ಸಿನಲ್ಲಿ ಹೆತ್ತ ಮಗನ ವಿರುದ್ಧವೇ ಅರ್ಜಿ ಹಿಡಿದು ಉಪವಿಭಾಗಾಧಿಕಾರಿಗಳ ಕಚೇರಿಯ ಜಗಲಿಯಲ್ಲಿ ಕಾಯುವುದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಬದಲಿಗೆ ಉಯಿಲು ಬರೆಯಿರಿ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿಯನ್ನು ಕಣ್ಣಾರೆ ಕಂಡು, ನಿಮ್ಮೆದುರೇ ಸಹಿ ಮಾಡುವ ಇಬ್ಬರು ಸಾಕ್ಷಿಗಳಿರಬೇಕು. ಆದರೂ ಮುಂದೆ ತಕರಾರಿಗೆ ಎಡೆಯಾಗದಂತೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ಒಳ್ಳೆಯದು. ಬದುಕಿರುವಷ್ಟು ಕಾಲ ಮನೆಯನ್ನು ಹೆಂಡತಿ ಅನುಭವಿಸಬೇಕು, ಆನಂತರ ಅದು ಇಬ್ಬರು ಮಕ್ಕಳಿಗೂ ಸೇರಬೇಕು ಎಂದು ಬರೆಯುವುದು ನನಗೆ ನ್ಯಾಯವೆನಿಸುತ್ತದೆ. ಕೇಳದ ಮಗಳಿಗೆ ಬೇಡವೆಂದು ದಯವಿಟ್ಟು ಭಾವಿಸಬೇಡಿ. ಉಯಿಲನ್ನು ನೀವು ಯಾವಾಗ ಬೇಕಾದರೂ ಬದಲಿಸಬಹುದು.

ಹಣದ ಮಟ್ಟಿಗೆ, ಠೇವಣಿಗಳ ಅವಧಿ ಮುಗಿದಂತೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೆಂಡತಿಯೊಂದಿಗೆ ಜಂಟಿ ಖಾತೆ ತೆರೆಯಿರಿ. ಒಬ್ಬರಿಗೆ 30 ಲಕ್ಷದವರೆಗೆ ಅವಕಾಶವಿದ್ದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಸೇರುತ್ತದೆ. ಮಗನಿಗೆ ನೆರವಾಗಲೇಬೇಕೆಂದಿದ್ದರೆ, ನಿಮ್ಮಿಬ್ಬರ ಔಷಧಿ, ಆಸ್ಪತ್ರೆಯ ಖರ್ಚಿಗೆ ತೆಗೆದಿಟ್ಟು ಮಿಕ್ಕಿದ್ದರಲ್ಲಿ ಒಂದು ಮೊತ್ತ ಕೊಡಿ. ಕೊಟ್ಟದ್ದನ್ನು ಮಗಳಿಗೂ ತಿಳಿಸಿ.

ಈ ಸೋಮವಾರ ಆ ರಸೀದಿಗಳೊಂದಿಗೆ ನಿಮ್ಮ ಮನೆಯವರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಯಾವುದು ಎಷ್ಟರದು, ಯಾವಾಗ ಮುಗಿಯುತ್ತದೆ ಎಂಬುದನ್ನು ಅವರ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಸಿ.