ಸ್ಟೇಬಲ್ ಆದ ಮೇಲೆ ಅಪ್ರೂವಲ್ ಬಂದಿಲ್ಲ ಅಂದರೆ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಹೋದ ತಿಂಗಳು ರಾತ್ರಿ ಅಪ್ಪಾಜಿಗೆ ಎದೆನೋವು ಬಂತು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ತಕ್ಷಣ ಸ್ಟೆಂಟ್ ಹಾಕಿ ಉಳಿಸಿದರು. ಮೂರನೇ ದಿನ ‘ಈಗ ಸ್ಟೇಬಲ್ ಇದ್ದಾರೆ. ಇನ್ನೊಂದು ಬ್ಲಾಕ್‌ಗೂ ಸ್ಟೆಂಟ್ ಬೇಕು. ಇನ್ಶೂರೆನ್ಸ್ ಅಪ್ರೂವಲ್ ಬಂದಿಲ್ಲ, ನೀವೇ ಕಟ್ಟುತ್ತೀವಿ ಅಂತ ಸಹಿ ಮಾಡಿ’ ಅಂದರು. ಗಾಬರಿಯಲ್ಲಿ ಸಹಿ ಮಾಡಿ, ದುಡ್ಡು ಕಟ್ಟಿದೆ. ಅಪ್ಪಾಜಿ ನನ್ನ ಕಂಪನಿ ಪಾಲಿಸಿಯಲ್ಲಿ ಇದ್ದಾರೆ. ದುಡ್ಡು ವಾಪಸ್ ಬರುತ್ತಾ?

ಉತ್ತರ: ಅಪ್ಪಾಜಿ ಉಳಿದರಲ್ಲ, ಅದು ದೊಡ್ಡದು. ದುಡ್ಡಿನ ದಾರಿಯೂ ಮುಚ್ಚಿಲ್ಲ. ಕ್ಯಾಶ್‌ಲೆಸ್, ಅಂದರೆ ವಿಮಾ ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುವುದು, ಸಿಗದಿದ್ದರೆ ಕ್ಲೇಮ್ ಹೋಯಿತು ಅಂತಲ್ಲ. ಮೊದಲು ಕಟ್ಟಿ, ಆಮೇಲೆ ಬಿಲ್ ಕೊಟ್ಟು ಕೇಳಬಹುದು.

ತುರ್ತಿನ ಹೊತ್ತಲ್ಲಿ ದುಡ್ಡಿನ ಮಾತು ಅಡ್ಡ ಬರಬಾರದು. 1989ರಲ್ಲೇ ಸುಪ್ರೀಂ ಕೋರ್ಟ್, ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ ಎಂದಿದೆ. ಆದರೆ ಕೇಸ್ ಶೀಟ್‌ನಲ್ಲಿ (ಆಸ್ಪತ್ರೆಯ ಚಿಕಿತ್ಸಾ ದಾಖಲೆ) ‘ಸ್ಟೇಬಲ್’ ಅಂತ ಬರೆದ ಮೇಲೆ ಲೆಕ್ಕ ಬದಲಾಗುತ್ತದೆ. ಮೊದಲ ಸ್ಟೆಂಟ್‌ಗೆ ಬಂದ ಅಪ್ರೂವಲ್ ಎರಡನೆಯದಕ್ಕೆ ಸಾಲದು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಮತ್ತೆ ಮನವಿ ಕಳಿಸಬೇಕು. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಮನವಿಗೆ ವಿಮಾ ಕಂಪನಿ 1 ಗಂಟೆಯೊಳಗೆ ನಿರ್ಧಾರ ಹೇಳಬೇಕು. ಡಿಸ್ಚಾರ್ಜ್ ವೇಳೆ ಕೊನೆಯ ಅಪ್ರೂವಲ್‌ಗೆ 3 ಗಂಟೆ. ಕಂಪನಿ ಅದಕ್ಕಿಂತ ತಡ ಮಾಡಿ, ಅದರಿಂದ ಆಸ್ಪತ್ರೆ ಜಾಸ್ತಿ ಬಿಲ್ ಮಾಡಿದರೆ, ಆ ಹೊರೆ ಕಂಪನಿಯದು.

ಹಾಗಿದ್ದರೆ ತಡ ಎಲ್ಲಿ ಆಗುತ್ತದೆ? ನಾನು ನೋಡಿದ ಮಟ್ಟಿಗೆ, ಹೆಚ್ಚಾಗಿ ಕ್ವೆರಿಯಲ್ಲಿ. ‘ಎರಡನೇ ಸ್ಟೆಂಟ್ ಈಗಲೇ ಯಾಕೆ?’ ಅಂತ ಕಂಪನಿ ಕೇಳಿರುತ್ತದೆ. ಡಾಕ್ಟರು ಎರಡು ಸಾಲು ಬರೆದು ಕೊಡುವಷ್ಟರಲ್ಲಿ ಸಂಜೆ ಆಗಿರುತ್ತದೆ. ಮನೆಯವರಿಗೆ ಮಾತ್ರ ‘ಬಂದಿಲ್ಲ’ ಅನ್ನುವುದಷ್ಟೇ ಗೊತ್ತು. ಸಹಿ ಮಾಡುವ ಮುಂಚೆ ಮನವಿ ಯಾವಾಗ ಹೋಯಿತು, ಕ್ವೆರಿ ಇದೆಯಾ ಅಂತ ಕೇಳಿ, ಮೆಸೇಜ್ ತೋರಿಸಿ ಅನ್ನಿ. ಡಾಕ್ಟರನ್ನೇ ಕೇಳಿ: ಈ ಸ್ಟೆಂಟ್ ಇದೇ ಸಲ ಬೇಕಾ, ಕೆಲವು ವಾರ ಕಾಯಬಹುದಾ? ಕಾಯಬಹುದಾದರೆ ಅವಸರ ಯಾಕೆ, ಅಲ್ವಾ? ಕಾಯುವಂತಿಲ್ಲ ಅಂದರೆ ದುಡ್ಡಿಗೋಸ್ಕರ ಒಂದು ಗಂಟೆಯೂ ತಡ ಮಾಡಬೇಡಿ. ಅಪ್ರೂವಲ್ ಅಂದರೆ ದುಡ್ಡಿನ ಭರವಸೆ ಅಷ್ಟೇ. ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಅಪ್ಪಾಜಿ ಮತ್ತು ನೀವು, ಕಂಪನಿ ಅಲ್ಲ.

ಪಾಲಿಸಿ ಇಲ್ಲದವರಿಗೆ ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಯೋಜನೆ ಗುರುತಿಸಿದ ತುರ್ತಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ತುರ್ತು ಅಲ್ಲದ್ದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚಿತ್ರದುರ್ಗ ಜಿಲ್ಲಾಸ್ಪತ್ರೆಯಲ್ಲೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ವಿಚಾರಿಸಿ.

ಈಗ ನಿಮ್ಮ ಕೆಲಸ. ಪಾಲಿಸಿಯಲ್ಲಿ ಹೇಳಿದ ದಿನದೊಳಗೆ ಕ್ಲೇಮ್ ಹಾಕಿ. ಡಿಸ್ಚಾರ್ಜ್ ಸಮ್ಮರಿ, ಬಿಲ್, ರಸೀದಿ, ಆಂಜಿಯೋಗ್ರಾಂ ರಿಪೋರ್ಟ್, ಎರಡೂ ಸ್ಟೆಂಟ್‌ಗಳ ಪ್ಯಾಕೆಟ್ ಮೇಲಿನ ಸ್ಟಿಕ್ಕರ್ ಇರಲಿ. ಸ್ಟಿಕ್ಕರ್ ಮರೆಯುವವರೇ ಜಾಸ್ತಿ. ತಿರಸ್ಕರಿಸಿದರೆ, ಯಾವ ಷರತ್ತಿನ ಮೇಲೆ ಅಂತ ಬರಹದಲ್ಲಿ ಕೇಳಿ. ಮೊದಲು ವಿಮಾ ಕಂಪನಿಗೆ ದೂರು ಕೊಡಿ, 30 ದಿನದಲ್ಲಿ ಸರಿಯಾಗದಿದ್ದರೆ ಇಂಥ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಕೇಸ್ ಶೀಟ್ ನಕಲನ್ನು ಆಸ್ಪತ್ರೆ 72 ಗಂಟೆಯೊಳಗೆ ಕೊಡಬೇಕು. ಸುಮ್ನೆ ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.